ನೇರ ದೂರ, ದಾರಿಯ ದೂರ, ಪ್ರಯಾಣದ ವೇಳೆ

ತರಗತಿ: 8 ವಿಷಯ: ಗಣಿತ ಅವಧಿ: 40 ನಿಮಿಷ
ಅಭ್ಯಾಸ ಶಾಲೆ: ಇಂಡಿ ತಾಲ್ಲೂಕಿನ ಒಂದು ಸರಕಾರಿ ಶಾಲೆ
ಬೋಧನೋಪಕರಣಗಳು: ವಿಜಯಪುರ ಜಿಲ್ಲೆಯ ನಕಾಶೆ, ದಾರ, ಅಳತೆಪಟ್ಟಿ

ಉದ್ದೇಶಗಳು: ವಿದ್ಯಾರ್ಥಿಗಳು (1) ಅಕ್ಷಾಂಶದಿಂದ ನೇರ ದೂರ ಕಂಡುಹಿಡಿಯುವರು, (2) ನೇರ ದೂರಕ್ಕೂ ರಸ್ತೆಯ ದೂರಕ್ಕೂ ಇರುವ ವ್ಯತ್ಯಾಸ ಹೇಳುವರು, (3) ಪ್ರಯಾಣದ ವೇಳೆಯನ್ನು ಅಂದಾಜಿಸುವರು.

ಪೀಠಿಕೆ: ಸ್ಕಾಟ್‌ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬ ಎರಡು ಪುಟ್ಟ ದ್ವೀಪಗಳಿವೆ. ಅವುಗಳ ವಿಮಾನ ನಿಲ್ದಾಣಗಳ ನಡುವಿನ ದೂರ ಸುಮಾರು 2.7 ಕಿ.ಮೀ. ಇದು ಜಗತ್ತಿನ ಅತಿ ಚಿಕ್ಕ ನಿಯಮಿತ ವಿಮಾನಯಾನ. ವೇಳಾಪಟ್ಟಿಯಲ್ಲಿ ಸುಮಾರು 2 ನಿಮಿಷ. ಅತಿ ಬೇಗ ಮುಟ್ಟಿದ ದಾಖಲೆ 53 ಸೆಕೆಂಡು. ಮಕ್ಕಳಿಂದ ಲೆಕ್ಕ ಮಾಡಿಸಿದೆ: 2 ನಿಮಿಷಕ್ಕೆ ಗಂಟೆಗೆ 81 ಕಿ.ಮೀ., 53 ಸೆಕೆಂಡಿಗೆ ಗಂಟೆಗೆ ಸುಮಾರು 183 ಕಿ.ಮೀ. ದೂರ ಒಂದೇ, ವೇಳೆ ಬೇರೆಯಾದರೆ ಸರಾಸರಿ ವೇಗವೂ ಬೇರೆ.

ಪಾಠದ ಬೆಳವಣಿಗೆ: ನಕಾಶೆಯಲ್ಲಿ ಇಂಡಿ ಮತ್ತು ಬಸವನ ಬಾಗೇವಾಡಿ ಬಹುತೇಕ ಒಂದೇ ರೇಖಾಂಶದ ಮೇಲಿವೆ. ಇಂಡಿಯ ಅಕ್ಷಾಂಶ ಸುಮಾರು 17.17°, ಬಾಗೇವಾಡಿಯದು ಸುಮಾರು 16.57°. ವ್ಯತ್ಯಾಸ 0.60°. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ಆದ್ದರಿಂದ ನೇರ ದೂರ 0.60 × 111 = 66.6, ಅಂದರೆ ಸುಮಾರು 67 ಕಿ.ಮೀ. ಬಸ್ಸಿನ ವೇಗ ಗಂಟೆಗೆ 40 ಕಿ.ಮೀ. ಎಂದಿಟ್ಟುಕೊಂಡು, "1 ಗಂಟೆ 40 ನಿಮಿಷ" ಎಂದು ಹಲಗೆಯ ಮೇಲೆ ಬರೆದೆ.

ಆಗ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಮ್ಮ ಅಕ್ಕಂದು ಬಾಗೇವಾಡ್ಯಾಗ ಹತ್ತಕ್ಕ ಪರೀಕ್ಷೆ ಐತ್ರಿ. ಈ ಲೆಕ್ಕ ಹಿಡದು ಎಂಟಕ್ಕ ಬಿಟ್ರ ಮುಟ್ಟತಾಳೇನ್ರಿ? ವಿಜಯಪುರದಾಗ ಬಸ್ ಬದಲಿ ಮಾಡಬೇಕ್ರಿ."

ನನ್ನ ಗುಣಾಕಾರ, ಭಾಗಾಕಾರ ತಪ್ಪಿರಲಿಲ್ಲ. ಆದರೆ ಆ ಉತ್ತರ ನಂಬಿ ಹೊರಟವಳಿಗೆ ಪರೀಕ್ಷೆ ತಪ್ಪುತ್ತಿತ್ತು. ಯೋಜನೆ ಬದಿಗಿಟ್ಟು, ಮಕ್ಕಳೊಂದಿಗೆ ಹೊಸದಾಗಿ ಲೆಕ್ಕ ಹಾಕಿದೆ.

ಇಂಡಿ–ವಿಜಯಪುರ: ಸುಮಾರು 55 ಕಿ.ಮೀ.
ವಿಜಯಪುರ–ಬಾಗೇವಾಡಿ: ಸುಮಾರು 43 ಕಿ.ಮೀ.
ಒಟ್ಟು: 98 ಕಿ.ಮೀ.
40 ಕಿ.ಮೀ. ವೇಗದಲ್ಲಿ: ಸುಮಾರು 2 ಗಂಟೆ 30 ನಿಮಿಷ
ಬಸ್ ಬದಲಿಸಲು ಕಾಯುವುದು: 30 ನಿಮಿಷ
ಒಟ್ಟು ವೇಳೆ: 3 ಗಂಟೆ

ಎಂಟಕ್ಕೆ ಬಿಟ್ಟರೆ ಮುಟ್ಟುವುದು ಹನ್ನೊಂದಕ್ಕೆ. ಹತ್ತರಿಂದ ಮೂರು ಗಂಟೆ ಹಿಂದೆ ಎಣಿಸಿದರೆ ಏಳು. ಬಸ್ಸು ತಡವಾದೀತೆಂದು ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡರೆ ಆರೂವರೆ. ಈ ಉತ್ತರವನ್ನು ಹೇಳಿದವರು ಮಕ್ಕಳೇ.

ಮೌಲ್ಯಮಾಪನ: ದ್ವೀಪಗಳ ವಿಮಾನಕ್ಕೆ ನೇರ ದೂರ ಸಾಕು, ನಮ್ಮ ಬಸ್ಸಿಗೆ ಏಕೆ ಸಾಲದು? (ನಿರೀಕ್ಷಿತ ಉತ್ತರ: ರಸ್ತೆ ಸುತ್ತಿ ಹೋಗುತ್ತದೆ, ನಿಲುಗಡೆಗಳಿವೆ, ಕಾಯಬೇಕಾಗುತ್ತದೆ.)

ಗೃಹಪಾಠ: ಸಿಂದಗಿ ಮತ್ತು ಮುದ್ದೇಬಿಹಾಳ ಒಂದೇ ರೇಖಾಂಶದ ಮೇಲಿಲ್ಲ. ಅವುಗಳ ನೇರ ದೂರವನ್ನು ದಾರ ಮತ್ತು ನಕಾಶೆಯ ಪ್ರಮಾಣದಿಂದ ಅಳೆಯಿರಿ. ರಸ್ತೆಯ ದೂರವನ್ನೂ ವೇಳೆಯನ್ನೂ ಆ ದಾರಿಯಲ್ಲಿ ಓಡಾಡಿದ ಹಿರಿಯರನ್ನು ಕೇಳಿ ಬರೆಯಿರಿ.

ಆತ್ಮಾವಲೋಕನ: ವೇಳೆಯ ಲೆಕ್ಕ ಕೊಡುವ ಮುನ್ನ "ಯಾವ ದಾರಿ? ಎಲ್ಲಿ ಕಾಯಬೇಕು?" ಎಂದು ಮಕ್ಕಳನ್ನೇ ಕೇಳಬೇಕಿತ್ತು. ದಿನಾಲೂ ಬಸ್ಸಿನಲ್ಲಿ ಓಡಾಡುವ ಅವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಮುಂದಿನ ಪಾಠವನ್ನು ಆ ಪ್ರಶ್ನೆಯಿಂದಲೇ ಆರಂಭಿಸುವೆ.