ಗೆರೆ ಚೆಂದವಿದ್ದರೆ ಸಾಲದು

ಪೈಪ್, ವಾಲ್ವ್, ಮೀಟರ್‌ಗಳ ಪಿ ಅಂಡ್ ಐಡಿ ನಕ್ಷೆಗೆ ಸಾಫ್ಟ್‌ವೇರ್ ಕೊಳ್ಳುವವರು ಮೊದಲು ನೋಡುವುದು ಚಿಹ್ನೆಗಳ ಅಂದವನ್ನು, ಆಮೇಲೆ ಬೆಲೆಯನ್ನು. ಎಡವುವುದು ಅಲ್ಲೇ.

ಸಾದಾ ಆಟೋಕ್ಯಾಡ್‌ನಲ್ಲಿ ಎಳೆದ ವಾಲ್ವ್ ಬರೀ ಗೆರೆ. ಆಟೋಕ್ಯಾಡ್ ಪ್ಲಾಂಟ್ 3ಡಿಯಂಥದ್ದರಲ್ಲಿ ಅದೇ ವಾಲ್ವ್‌ಗೆ ಟ್ಯಾಗ್, ಅಳತೆ, ಲೈನ್ ನಂಬರ್ ಸಮೇತ ಡೇಟಾಬೇಸ್‌ನಲ್ಲೊಂದು ದಾಖಲೆ ಇರುತ್ತದೆ. ಎಫ್‌ಟಿ-101 ಎಂಬ ಒಂದೇ ಟ್ಯಾಗ್ ಎರಡು ಫ್ಲೋ ಟ್ರಾನ್ಸ್‌ಮಿಟರ್‌ಗಳಿಗೆ ಬಿದ್ದರೆ ಸಾದಾ ನಕ್ಷೆ ತುಟಿ ಬಿಚ್ಚುವುದಿಲ್ಲ. ಗೊತ್ತಾಗುವುದು ಸೈಟಿನಲ್ಲಿ, ಕೇಬಲ್ ಎಳೆಯುವಾಗ.

ಹಾಗಂತ ಹತ್ತು ಹಾಳೆಯ ಕೆಲಸಕ್ಕೆ ದುಬಾರಿ ಪ್ಯಾಕೇಜ್ ಬೇಡ, ವಿಸಿಯೋ ಸಾಕಾದೀತು. ಡೆಮೊದಲ್ಲಿ ಮಾರುವವರ ಮಾದರಿ ಬಿಡಿ, ನಿಮ್ಮದೇ ಹಳೆಯ ಹಾಳೆಯೊಂದನ್ನು ಕೊಟ್ಟು ಎಳೆಸಿ. ಐಎಸ್‌ಎ 5.1 ಮಾನದಂಡದ ಚಿಹ್ನೆಗಳಿವೆಯೇ, ವಾಲ್ವ್ ಪಟ್ಟಿ ಎಕ್ಸೆಲ್‌ಗೆ ಇಳಿಯುತ್ತದೆಯೇ ನೋಡಿ. ನಾಳೆ ಬೇರೆ ಸಾಫ್ಟ್‌ವೇರ್‌ಗೆ ಹೋಗಬೇಕಾದರೆ ಡೇಟಾ ಡೆಕ್ಸ್‌ಪಿ ಎಂಬ ವಿನಿಮಯ ರೂಪದಲ್ಲಿ ಹೊರಬರುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ.