ಲಾರಿಯ ಗಾಳಿ ಸೆನ್ಸರನ್ನು ಬದಲಿಸುವ ಕ್ರಮ

ಪಣಂಬೂರಿನ ಬಂದರಿನಿಂದ ಕಲ್ಲಿದ್ದಲನ್ನೋ ಗೊಬ್ಬರವನ್ನೋ ಹೇರಿಕೊಂಡು ಹೊರಟ ಲಾರಿಯು ಬಿ.ಸಿ. ರೋಡು, ಉಪ್ಪಿನಂಗಡಿ, ನೆಲ್ಯಾಡಿಗಳನ್ನು ದಾಟಿ ಗುಂಡ್ಯದಿಂದ ಶಿರಾಡಿ ಘಾಟಿಯನ್ನು ಏರತೊಡಗಿದಾಗ, ಹಿಂದಿನ ಜೋಡಿ ಟಯರುಗಳಲ್ಲಿ ಒಳಗಡೆಯದರ ಗಾಳಿ ಇಳಿದಿರುವುದು ಚಾಲಕನ ಗಮನಕ್ಕೆ ಬರುವುದು ದುರ್ಲಭ. ಹೊರಗಡೆಯದು ತನ್ನ ಭಾರದೊಂದಿಗೆ ಜೊತೆಗಾರನ ಭಾರವನ್ನೂ ಹೊತ್ತು, ಕಾದು, ಕಡೆಗೆ ಎರಡೂ ಹಾಳಾಗುವುದುಂಟು. ಈ ಅನರ್ಥವನ್ನು ಮುಂಚಿತವಾಗಿ ಸೂಚಿಸುವ ಸೆನ್ಸರೆಂಬ ಪುಟ್ಟ ಉಪಕರಣವು ಟಯರಿನ ಒತ್ತಡವನ್ನೂ ಉಷ್ಣತೆಯನ್ನೂ ಅಳೆದು, ನಮ್ಮ ದೇಶದಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ರೇಡಿಯೋ ತರಂಗದ ಮೂಲಕ, ತನಗೆ ಮಾತ್ರ ಮೀಸಲಾದ ಒಂದು ಸಂಖ್ಯೆಯೊಡನೆ ಚಾಲಕನ ಮುಂದಿನ ಪರದೆಗೆ ವರದಿ ಕಳುಹಿಸುತ್ತದೆ.

ಕಳೆದ ಮಳೆಗಾಲದಲ್ಲಿ ಫಳ್ನೀರಿನ ನಮ್ಮ ನೆರೆಯ ಲಾರಿ ಮಾಲಕರೊಬ್ಬರು ಚಿಂತಾಕ್ರಾಂತರಾಗಿ ಬಂದು, ಪರದೆಯು ಎಡಗಡೆಯ ಟಯರನ್ನು ತೋರಿಸುತ್ತಿದ್ದರೂ ಗಾಳಿ ಇಳಿದದ್ದು ಬಲಗಡೆಯದರಲ್ಲೆಂದು ಹೇಳಿದರು. ಸೆನ್ಸರುಗಳಲ್ಲಿ ದೋಷವಿರಲಿಲ್ಲ, ಟಯರುಗಳನ್ನು ಅದಲುಬದಲು ಮಾಡಿದವರು ಆ ಸಂಖ್ಯೆಗಳ ಹೊಸ ಸ್ಥಾನವನ್ನು ಯಂತ್ರಕ್ಕೆ ತಿಳಿಸಿರಲಿಲ್ಲ. ಅಂದಿನಿಂದ ಸಂಖ್ಯೆಯ ಲೆಕ್ಕವನ್ನೇ ಈ ಕೆಲಸದ ಪ್ರಧಾನ ಭಾಗವೆಂದು ನಾನು ಎಣಿಸುತ್ತೇನೆ.

ಪರದೆಯಲ್ಲಿ ಎಚ್ಚರಿಕೆ ಕಂಡೊಡನೆ ಸೆನ್ಸರನ್ನು ದೂಷಿಸದೆ, ಮೊದಲು ಕೈಮಾಪಕದಿಂದ ಗಾಳಿಯನ್ನು ಅಳೆಯತಕ್ಕದ್ದು. ಗಾಳಿ ಸರಿಯಾಗಿದ್ದು, ಅಂಕಿಯ ಸ್ಥಳದಲ್ಲಿ ಬರಿಯ ಗೆರೆಗಳು ಕಾಣುತ್ತಿದ್ದರೆ, ಸೆನ್ಸರನ್ನು ಎಬ್ಬಿಸುವ ಕೈಯಂತ್ರವನ್ನು ವಾಲ್ವಿನ ಬಳಿ ಹಿಡಿದು ಉತ್ತರ ಬರುವುದೋ ಇಲ್ಲವೋ ಎಂದು ಪರೀಕ್ಷಿಸಬೇಕು. ಒಳಗಿನ ಬ್ಯಾಟರಿಯ ಆಯುಸ್ಸು ಸಾಮಾನ್ಯವಾಗಿ 5ರಿಂದ 10 ವರ್ಷ. ಅದನ್ನು ಬೇರೆಯಾಗಿ ಬದಲಿಸಲು ಬಾರದಂತೆ ಮುಚ್ಚಿರುವುದರಿಂದ ಇಡೀ ಸೆನ್ಸರನ್ನೇ ಬದಲಿಸಬೇಕಾಗುತ್ತದೆ. ಟ್ಯೂಬುಳ್ಳ ಟಯರುಗಳಿಗಾದರೆ ವಾಲ್ವಿನ ತುದಿಗೆ ತಿರುಗಿಸಿ ಕೂರಿಸುವ ಹೊರಗಿನ ಸೆನ್ಸರೇ ಸಾಕು.

ಟಯರಿನೊಳಗೆ ವಾಲ್ವಿಗೆ ಜೋಡಿಸಿರುವ ಸೆನ್ಸರಿಗಾಗಿ ಚಕ್ರವನ್ನು ಬಿಚ್ಚುವ ಮುನ್ನ ಲಾರಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಜೋಡಿ ಟಯರುಗಳೆರಡರ ಗಾಳಿಯನ್ನೂ ವಾಲ್ವಿನ ಪಿನ್ನು ತೆಗೆದು ಸಂಪೂರ್ಣವಾಗಿ ಬಿಟ್ಟ ಮೇಲೆಯೇ ನಟ್ಟುಗಳಿಗೆ ಕೈಹಾಕಬೇಕು. ಈ ಒಂದು ವಿಷಯದಲ್ಲಿ ಆತುರವು ಪ್ರಾಣಕ್ಕೆ ಸಂಚಕಾರ. ಟಯರಿನ ಅಂಚನ್ನು ರಿಮ್ಮಿನಿಂದ ಬಿಡಿಸುವಾಗ ಒತ್ತುವ ಸಲಾಕೆಯನ್ನು ವಾಲ್ವಿನಿಂದ ದೂರದಲ್ಲಿ, ಎದುರು ಪಕ್ಕದಲ್ಲಿ ಇರಿಸದಿದ್ದರೆ ಒಳಗಿನ ಸೆನ್ಸರು ಅಲ್ಲಿಯೇ ಒಡೆಯುತ್ತದೆ.

ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಕೂಡಿದ ನಮ್ಮ ಕರಾವಳಿಯಲ್ಲಿ ವಾಲ್ವಿನ ವಿಚಾರವನ್ನು ವಿಶೇಷವಾಗಿ ಹೇಳಬೇಕಾಗಿದೆ. ಅಲ್ಯೂಮಿನಿಯಮ್ಮಿನ ವಾಲ್ವಿಗೆ ಬರಿಯ ಹಿತ್ತಾಳೆಯ ಪಿನ್ನನ್ನು ಹಾಕಿದರೆ, ಉಪ್ಪುನೀರಿನ ಸಂಪರ್ಕದಲ್ಲಿ ಆ ಎರಡು ಲೋಹಗಳ ನಡುವೆ ವಿದ್ಯುದ್ರಾಸಾಯನಿಕ ಕ್ರಿಯೆಯುಂಟಾಗಿ, ಅಲ್ಯೂಮಿನಿಯಂ ಸವೆದು, ಪಿನ್ನು ಕಚ್ಚಿಕೊಂಡುಬಿಡುತ್ತದೆ. ನಿಕ್ಕಲ್ ಲೇಪನದ ಪಿನ್ನನ್ನೇ ಕೇಳಿ ಪಡೆಯಬೇಕು. ಟಯರನ್ನು ಬಿಚ್ಚಿದಾಗಲೆಲ್ಲ ವಾಲ್ವಿನ ರಬ್ಬರ್ ವಾಷರನ್ನೂ ನಟ್ಟನ್ನೂ ಹೊಸದಾಗಿ ಹಾಕಿ, ತಯಾರಕರು ಸೂಚಿಸಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದ ತಿರುಗಿಸತಕ್ಕದ್ದು. ಕೈಯಂದಾಜು ಇಲ್ಲಿ ನಡೆಯದು.

ಟಯರನ್ನು ಮುಚ್ಚುವ ಮುಂಚೆ ಹೊಸ ಸೆನ್ಸರಿನ ಮೈಮೇಲೆ ಅಚ್ಚಾದ ಸಂಖ್ಯೆಯನ್ನು, ಅದು ಕೂರುವ ಚಕ್ರದ ಹೆಸರಿನೊಡನೆ, ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬಳಿಕ ಸಂಖ್ಯೆಯನ್ನು ನೋಂದಾಯಿಸುವ ವಿಧಾನ ವಾಹನದಿಂದ ವಾಹನಕ್ಕೆ ಭಿನ್ನ: ಕೆಲವು ಸ್ವಲ್ಪ ದೂರ ಓಡಿಸಿದರೆ ತಾವಾಗಿ ಕಲಿತುಕೊಳ್ಳುತ್ತವೆ, ಕೆಲವಕ್ಕೆ ಪರದೆಯ ಪಟ್ಟಿಯಲ್ಲಿ ಚಕ್ರವನ್ನು ಆರಿಸಿ ಸಂಖ್ಯೆಯನ್ನು ತುಂಬಬೇಕು, ಇನ್ನು ಕೆಲವಕ್ಕೆ ಸ್ಕ್ಯಾನರನ್ನು ಜೋಡಿಸಬೇಕಾಗುತ್ತದೆ. ಸಂಖ್ಯೆಯನ್ನು ಇನ್ನೂ ತುಂಬಿರದ ಖಾಲಿ ಸೆನ್ಸರಿಗೆ ಹಳೆಯದರ ಸಂಖ್ಯೆಯನ್ನೇ ಪ್ರತಿಮಾಡುವ ಮಾರ್ಗವೂ ಇದೆ. ಆಗ ಲಾರಿಗೆ ಹೊಸದಾಗಿ ಏನನ್ನೂ ತಿಳಿಸಬೇಕಾಗಿಲ್ಲ. ನನ್ನ ಮಟ್ಟಿಗೆ ಇದೇ ಸುಲಭವಾದುದು.

ಗಾಳಿ ತುಂಬುವಾಗ ಟಯರು ಕಬ್ಬಿಣದ ಪಂಜರದೊಳಗಿರಲಿ, ತುಂಬುವವನು ಅದರ ಎದುರಿಗೆ ನಿಲ್ಲದಿರಲಿ. ಎಚ್ಚರಿಕೆಯ ಮಿತಿಯನ್ನು ಗೊತ್ತುಪಡಿಸುವುದು ಲಾರಿ ಮೂರು ಗಂಟೆಯಾದರೂ ನಿಂತು ಟಯರು ತಣಿದ ಮೇಲೆ. 110 ಪಿ.ಎಸ್.ಐ. ಗಾಳಿಯಿರುವ ಟಯರಿನಲ್ಲಿ ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸುಮಾರು 4 ಪಿ.ಎಸ್.ಐ. ಏರುವುದರಿಂದ, ಮಧ್ಯಾಹ್ನದ ಅಂಕಿಯನ್ನು ಕಂಡು ಗಾಳಿ ಇಳಿಸಕೂಡದು.

ಕಡೆಯದಾಗಿ, ಒಬ್ಬರನ್ನು ಪರದೆಯ ಮುಂದೆ ಕೂರಿಸಿ, ಇನ್ನೊಬ್ಬರು ಒಂದೊಂದು ಚಕ್ರದ ಗಾಳಿಯನ್ನೂ ತುಸು ಬಿಡುತ್ತ ಹೋಗಬೇಕು. ಕೈಯಿಟ್ಟ ಚಕ್ರದ ಅಂಕಿಯೇ ಇಳಿದರೆ ಸಂಖ್ಯೆ ಸರಿಯಾಗಿ ಕೂತಿದೆ. ಒಳಗಡೆಯ ಟಯರುಗಳಿಗೂ ಕೈ ತೂರಿಸಿ ಈ ಪರೀಕ್ಷೆಯನ್ನು ಮಾಡಿ, ಬಿಟ್ಟ ಗಾಳಿಯನ್ನು ತುಂಬಿ, ಮುಚ್ಚಳ ಹಾಕಬೇಕು.