ತಗಡಿನ ಕತ್ತೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಕಾಶಕ್ಕೇರಿದ ವಿಮಾನಗಳು ಮರದ ಪಟ್ಟಿ, ಬಟ್ಟೆ ಮತ್ತು ತಂತಿಗಳಿಂದ ಕಟ್ಟಿದ ಚೌಕಟ್ಟುಗಳಾಗಿದ್ದವು. ಮಳೆಗೆ ಮರ ಉಬ್ಬುತ್ತಿತ್ತು. ಬೆಂಕಿಯ ಕಿಡಿ ತಾಗಿದರೆ ಉಳಿಗಾಲವಿರಲಿಲ್ಲ. ರೆಕ್ಕೆಗಳನ್ನು ಬಿಗಿದು ಹಿಡಿದಿದ್ದ ತಂತಿಗಳೇ ಗಾಳಿಗೆ ಅಡ್ಡವಾಗಿ ವೇಗವನ್ನು ತಗ್ಗಿಸುತ್ತಿದ್ದವು. ಆದರೂ ಲೋಹದಿಂದ ವಿಮಾನವನ್ನು ಕಟ್ಟಬಹುದೆಂದರೆ ನಂಬುವವರು ವಿರಳ. ಅಷ್ಟು ಭಾರವಾದುದು ಹಾರೀತೇ?

ಹಾರೀತೆಂದು ನಂಬಿದವರು ಜರ್ಮನಿಯ ಹ್ಯೂಗೋ ಯುಂಕರ್ಸ್. ಪ್ರಾಧ್ಯಾಪಕರಾಗಿದ್ದ ಅವರಿಗೆ ಡೆಸೌ ನಗರದಲ್ಲಿ ಸ್ನಾನದ ನೀರು ಕಾಯಿಸುವ ಬಾಯ್ಲರುಗಳ ಕಾರ್ಖಾನೆಯಿತ್ತು. ತೆಳು ತಗಡನ್ನು ಬಾಗಿಸುವ, ಬೆಸೆಯುವ ಕುಶಲತೆ ಅಲ್ಲಿಯ ಕೆಲಸಗಾರರಿಗೆ ಕರಗತವಾಗಿತ್ತು. ಬಚ್ಚಲುಮನೆಯ ಈ ವಿದ್ಯೆಯೇ ಆಕಾಶಕ್ಕೆ ಏಣಿಯಾಯಿತು. ರೆಕ್ಕೆಯು ದಪ್ಪವಾಗಿ, ಒಳಗೆ ಟೊಳ್ಳಾಗಿದ್ದರೆ ಆಧಾರವೆಲ್ಲವೂ ಅದರೊಳಗೇ ಅಡಗುವುದು, ಹೊರಗೆ ತಂತಿಗಳೇ ಬೇಡ ಎಂಬ ವಿಚಾರಕ್ಕೆ 1910ರಲ್ಲಿ ಅವರು ಪೇಟೆಂಟ್ ಪಡೆದರು.

1915ರ ಡಿಸೆಂಬರ್ 12ರಂದು ಅವರ 'ಜೆ-1' ವಿಮಾನವು ನೆಲ ಬಿಟ್ಟೆದ್ದಿತು. ಅದರ ಮೈಯೆಲ್ಲವೂ ಉಕ್ಕಿನ ತಗಡು. ವೇಗವೇನೋ ಸಾಕಷ್ಟಿತ್ತು, ಮೇಲೇರುವಾಗ ಮಾತ್ರ ಏದುಸಿರು ಬಿಡುವಂತಿತ್ತು. ಜನ ಅದನ್ನು 'ತಗಡಿನ ಕತ್ತೆ' ಎಂದು ಕರೆದರು. ಹೆಸರು ಹಾಸ್ಯದ್ದಾದರೂ ಅನ್ಯಾಯದ್ದಲ್ಲ: ಹೊರೆ ಹೊರುವುದರಲ್ಲಿ ಕತ್ತೆಗೆ ಸಾಟಿ ಯಾವುದು!

ಭಾರವನ್ನು ಇಳಿಸುವ ಉಪಾಯ ಬೇರೊಬ್ಬರ ಪ್ರಯೋಗಶಾಲೆಯಲ್ಲಿ ಆಗಲೇ ಸಿದ್ಧವಾಗಿತ್ತು. ಅಲ್ಯುಮಿನಿಯಮ್ ಹಗುರ, ಆದರೆ ಮೃದು. ಆಲ್ಫ್ರೆಡ್ ವಿಲ್ಮ್ ಎಂಬ ವಿಜ್ಞಾನಿಯು 1906ರ ಸುಮಾರಿಗೆ ಅದಕ್ಕೆ ತಾಮ್ರವನ್ನೂ ತುಸು ಮೆಗ್ನೀಸಿಯಮನ್ನೂ ಬೆರೆಸಿ, ಕಾಯಿಸಿ, ಥಟ್ಟನೆ ತಣಿಸಿ ನೋಡಿದರು. ಕೆಲವು ದಿನ ಸುಮ್ಮನೆ ಇಟ್ಟಿದ್ದ ಆ ಮಿಶ್ರಲೋಹವು ತಾನಾಗಿಯೇ ಗಡುಸಾಗಿತ್ತು! ಅದೇ ಡ್ಯುರಾಲುಮಿನ್. ಯುಂಕರ್ಸ್ ಅದರ ತೆಳು ಹಾಳೆಗಳಿಗೆ ಅಲೆಯಲೆಯಾದ ಮಡಿಕೆ ಕೊಟ್ಟರು. ಸಪಾಟಾದ ಕಾಗದವು ಹಿಡಿದೊಡನೆ ಬಾಗುತ್ತದೆ. ಅದನ್ನೇ ಬೀಸಣಿಗೆಯಂತೆ ಮಡಿಸಿದರೆ ಮಡಿಕೆಯ ಉದ್ದಕ್ಕೆ ನೆಟ್ಟಗೆ ನಿಲ್ಲುತ್ತದೆ. ಮನೆಗಳಿಗೆ ಹೊದಿಸುವ ತಗಡಿನಲ್ಲಿರುವ ಗುಟ್ಟೂ ಇದೇ. ಹೀಗೆ ರೂಪುಗೊಂಡ 'ಎಫ್-13' ವಿಮಾನವು 1919ರ ಜೂನ್ 25ರಂದು ಹಾರಿತು. ಯುದ್ಧಕ್ಕಾಗಿ ಅಲ್ಲ, ಮುಚ್ಚಿದ ಕೋಣೆಯಲ್ಲಿ ನಾಲ್ವರು ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವುದಕ್ಕಾಗಿ. ಅಂತಹವು 300ಕ್ಕೂ ಹೆಚ್ಚು ತಯಾರಾದವು.

ಶಾಂತಿಪ್ರಿಯರಾದ ಯುಂಕರ್ಸರ ಬಾಳು ಮಾತ್ರ ಶಾಂತವಾಗಿ ಮುಗಿಯಲಿಲ್ಲ. 1933ರಲ್ಲಿ ಅಧಿಕಾರಕ್ಕೆ ಬಂದ ನಾಜಿಗಳು ಬೆದರಿಸಿ ಅವರ ಪೇಟೆಂಟುಗಳನ್ನೂ ಕಾರ್ಖಾನೆಯನ್ನೂ ಕಿತ್ತುಕೊಂಡರು, ಅವರನ್ನು ಗೃಹಬಂಧನದಲ್ಲಿರಿಸಿದರು. 1935ರ ಫೆಬ್ರವರಿ 3ರಂದು, ತಮ್ಮ 76ನೆಯ ಹುಟ್ಟುಹಬ್ಬದ ದಿನವೇ, ಅವರು ತೀರಿಕೊಂಡರು. ಮುಂದೆ ಅವರ ಹೆಸರನ್ನು ಹೊತ್ತ ಬಾಂಬರ್ ವಿಮಾನಗಳು ಊರೂರುಗಳನ್ನು ಸುಟ್ಟವು. ಅವುಗಳಲ್ಲಿ ಅವರ ಕೈವಾಡವಿರಲಿಲ್ಲ.

ಆ ವರ್ಷಗಳಲ್ಲಿಯೇ ಜರ್ಮನಿಯ ಗಟಿಂಗೆನ್ ನಗರದಲ್ಲಿ, ವಾಯುಬಲ ವಿಜ್ಞಾನದ ಆಚಾರ್ಯರಾದ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಒಬ್ಬ ಭಾರತೀಯ ತರುಣನು ಸಂಶೋಧನೆ ನಡೆಸುತ್ತಿದ್ದನು. ಆತನೇ ವಿಷ್ಣು ಮಾಧವ ಘಾಟಗೆ. ಸ್ವದೇಶಕ್ಕೆ ಮರಳಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿ, ಬಳಿಕ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸೇರಿದರು. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ಕಾರ್ಖಾನೆ ಅದು. ಅಲ್ಲಿ ಘಾಟಗೆಯವರ ಮುಂದಾಳುತನದಲ್ಲಿ ರೂಪುಗೊಂಡ 'ಎಚ್‌ಟಿ-2' ಎಂಬ ಲೋಹದ ತರಬೇತಿ ವಿಮಾನವು 1951ರ ಆಗಸ್ಟ್ ತಿಂಗಳಲ್ಲಿ ಮೊದಲ ಬಾರಿ ಹಾರಿತು. ಹಾರಾಟ ಕಲಿಯುವ ಎಳೆಯ ಕೈಗಳ ಒರಟುತನವನ್ನೆಲ್ಲ ಅದು ಸಹಿಸಬೇಕಿತ್ತು; ಸಹಿಸಿತು. ಘಾನಾ ದೇಶವೂ ತನ್ನ ವಾಯುಪಡೆಗೆ ಅದನ್ನು ಕೊಂಡಿತು.

1956ರಲ್ಲಿ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರೂ ಭಾರತದ ಎಂಜಿನಿಯರುಗಳೂ ಕೂಡಿ ನಿರ್ಮಿಸಿದ 'ಮಾರುತ' ಜೆಟ್ ವಿಮಾನವು 1961ರ ಜೂನ್ 17ರಂದು ಆಕಾಶಕ್ಕೆ ಜಿಗಿಯಿತು. ಗೌರಿಬಿದನೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗಳು ಕಬ್ಬನ್ ಉದ್ಯಾನದ ಪಕ್ಕದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ಮಾರುತವನ್ನು ಕಾಣಬಹುದು. ಅದರ ಮೈಯಲ್ಲಿ ಅಲೆಯ ಮಡಿಕೆಗಳಿಲ್ಲ, ತಗಡು ನುಣುಪಾಗಿದೆ.